ಸ್ಮಾರ್ಟ್ ಸಿಟಿ ಬಂತು, ಕೇಳಿತು, ಹೋಯ್ತು: ಪುಣೆಯ ಔಂಧ್-ಬಾಣೇರ್-ಬಾಲೇವಾಡಿ ಪ್ರಕರಣ

ಪುಣೆಯ ಬಾಣೇರ್ ಕಡೆ ಇರುವ ಯಾರನ್ನಾದರೂ "ನಿಮ್ಮ ಸ್ಮಾರ್ಟ್ ಸಿಟಿ ಏನಾಯ್ತು?" ಅಂತ ಕೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ ಟ್ಯಾಂಕರ್ ಮಾತು ಬರುತ್ತದೆ, ಇಲ್ಲವಾದರೆ ಟ್ರಾಫಿಕ್ ಮಾತು. ಸಿಟ್ಟು ಮಾತ್ರ ಬರುವುದಿಲ್ಲ. ನನಗೆ ವಿಚಿತ್ರ ಅನಿಸೋದು ಅದೇ. ಇದೇ ಜನ ಮೆಟ್ರೋ ಕೆಲಸದ ಬ್ಯಾರಿಕೇಡ್ ಬಗ್ಗೆ ಸಿಟ್ಟಾಗುತ್ತಾರೆ, ಗುಡ್ಡ ಕಡಿದು ರಸ್ತೆ ಮಾಡ್ತೀವಿ ಅಂದರೆ ಬೀದಿಗಿಳಿಯುತ್ತಾರೆ, ನದಿ ದಂಡೆಯ ಮರಕ್ಕೆ ಕೈ ಹಾಕಿದರೆ ಮೆರವಣಿಗೆ ಹೊರಡುತ್ತಾರೆ. ಸ್ಮಾರ್ಟ್ ಸಿಟಿ ಅಂದರೆ ಮಾತ್ರ ನಗು.

ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬರು ಇರಬೇಕು. ಇಲ್ಲಿ ಎದುರಿಗೆ ಯಾರೂ ಇಲ್ಲ. ಈ ಬರಹದಲ್ಲಿ ನಾನು ಹೇಳಬೇಕೆಂದಿರೋದು ಹೆಚ್ಚುಕಡಿಮೆ ಇಷ್ಟೇ: ಯೋಜನೆಯ ಕೆಲಸಗಳೆಲ್ಲ ಕೆಟ್ಟವು ಅನ್ನುವ ಕಾರಣಕ್ಕೆ ಜನರ ನಂಬಿಕೆ ಹೋಗಲಿಲ್ಲ. ಕೆಲವು ಕೆಲಸ ನಿಜಕ್ಕೂ ಚೆನ್ನಾಗಿವೆ. ನಂಬಿಕೆ ಹೋಗಿದ್ದು, ಜೋರಾಗಿ ಬಂದು ಪ್ರಶ್ನೆ ಕೇಳಿದವರು ಉತ್ತರ ತಗೊಂಡು ಹೋದ ಮೇಲೆ ತಿರುಗಿ ಬರಲಿಲ್ಲ ಅನ್ನುವ ಕಾರಣಕ್ಕೆ.

ಮೊದಲು ಹಿನ್ನೆಲೆ. ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಶುರು ಮಾಡಿದ್ದು 2015ರ ಜೂನ್ 25ರಂದು. ಒಟ್ಟು 100 ನಗರ. ಆದರೆ ದುಡ್ಡು ಸುಮ್ನೆ ಸಿಗುವಂತಿರಲಿಲ್ಲ, ನಗರಗಳು ಪೈಪೋಟಿ ಮಾಡಿ ಗೆಲ್ಲಬೇಕಿತ್ತು. ಗೆದ್ದ ನಗರಕ್ಕೆ ಐದು ವರ್ಷದಲ್ಲಿ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ದುಡ್ಡನ್ನು ರಾಜ್ಯ ಮತ್ತು ಪಾಲಿಕೆ ಸೇರಿ ಹಾಕಬೇಕು. 2016ರ ಜನವರಿ 28ರಂದು ಮೊದಲ 20 ನಗರಗಳ ಪಟ್ಟಿ ಬಂತು. ಭುವನೇಶ್ವರ ಮೊದಲು, ಪುಣೆ ಎರಡನೆಯದು. ಅದೇ ವರ್ಷ ಜೂನ್ 25ಕ್ಕೆ ಪ್ರಧಾನಿಯೇ ಬಾಲೇವಾಡಿಯ ಕ್ರೀಡಾ ಸಂಕೀರ್ಣಕ್ಕೆ ಬಂದು ಕೆಲಸಗಳಿಗೆ ಚಾಲನೆ ಕೊಟ್ಟರು. ಬಾಲೇವಾಡಿ ಅಂದರೆ ನಮ್ಮ ಮನೆ ಬಾಗಿಲು.

ಮಿಷನ್ನಿನ ಲೆಕ್ಕದಲ್ಲಿ ಎರಡು ಭಾಗ. ಒಂದು ಇಡೀ ಊರಿಗೆ ಅನ್ವಯಿಸುವ ಕೆಲಸ, ಪುಣೆಯಲ್ಲಿ ಅದು ಸಾರಿಗೆ ಮತ್ತು ನೀರು. ಇನ್ನೊಂದು, ಊರಿನ ಒಂದು ಭಾಗವನ್ನು ಆರಿಸಿಕೊಂಡು ಅದನ್ನು ಮಾದರಿ ಮಾಡುವುದು. ಆ ಭಾಗವಾಗಿ ಆಯ್ಕೆ ಆಗಿದ್ದು ಔಂಧ್, ಬಾಣೇರ್, ಬಾಲೇವಾಡಿ. ಪೇಟೆಗಳಲ್ಲ, ಕಸಬಾ ಅಲ್ಲ, ಯೆರವಡಾ ಅಲ್ಲ, ಸಿಂಹಗಡ ರಸ್ತೆಯಲ್ಲ. ಹಿಂಜವಾಡಿ ಐಟಿ ಪಾರ್ಕಿಗೆ ಹೋಗುವ ದಾರಿಯಲ್ಲಿರುವ, ಆಗಲೇ ಅಷ್ಟಿಷ್ಟು ಚೆನ್ನಾಗಿದ್ದ, ಬಾಡಿಗೆ ಜಾಸ್ತಿ ಇರುವ ಜಾಗ. ಉಳಿದ ಪುಣೆ ಆವತ್ತಿನಿಂದಲೇ ಈ ಯೋಜನೆಯನ್ನು ಪಕ್ಕದ ಮನೆಯವರ ಮದುವೆ ನೋಡುವ ಹಾಗೆ ನೋಡಿತು. ನಂಬಿಕೆಯ ಮೊದಲ ಬಿರುಕು ಅಲ್ಲೇ, ಕೆಲಸ ಶುರುವಾಗುವ ಮೊದಲೇ ಬಿತ್ತು ಅಂತ ನನ್ನ ಅನಿಸಿಕೆ.

ಊರಿನ ಈ ಭಾಗದಲ್ಲಿ ಕನ್ನಡದವರು ಕಡಿಮೆಯೇನಿಲ್ಲ. ಪುಣೆಗೆ ಕನ್ನಡ ಹೊಸದಲ್ಲ, ಇಲ್ಲೊಂದು ಹಳೆಯ ಕನ್ನಡ ಸಂಘವೇ ಇದೆ. ಬಾಣೇರ್ ಕಡೆ ಮೂರು ಥರದ ಕನ್ನಡದವರು ಸಿಗುತ್ತಾರೆ. ಹುಬ್ಬಳ್ಳಿ, ಬೆಂಗಳೂರು, ಮೈಸೂರಿನಿಂದ ಬಂದು ಕಂಪನಿಗಳಲ್ಲಿ ಕೆಲಸ ಮಾಡುವ, ಸೊಸೈಟಿ ಫ್ಲ್ಯಾಟಿನಲ್ಲಿರುವ ನಮ್ಮಂಥವರು. ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರು. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಕಟ್ಟಡ, ರಸ್ತೆ ಕೆಲಸ ಮಾಡುವವರು, ತಳ್ಳುಗಾಡಿ ಇಟ್ಟವರು. ಮೂರೂ ಕಡೆ ಮಾತಾಡಿಸಿದರೆ ಒಂದೇ ಯೋಜನೆಯ ಮೂರು ಬೇರೆ ಕಥೆ ಸಿಗುತ್ತವೆ. ಅದಕ್ಕೇ ಈ ಪ್ರಕರಣ ಬರೆಯೋಣ ಅನಿಸಿದ್ದು.

ಕೇಳಿದ್ದು ಹೇಗೆ

2015ರ ಕೊನೆಯಲ್ಲಿ ಪುಣೆಯಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹ ಸಣ್ಣದಲ್ಲ. ಫಾರಂ, ಆನ್‌ಲೈನ್, ಸೊಸೈಟಿ ಸಭೆ, ಕಾಲೇಜು, ಎಲ್ಲ ಕಡೆ ಕೇಳಿದರು. ಊರಿನ ಅರ್ಧದಷ್ಟು ಮನೆಗಳನ್ನು ಮುಟ್ಟಿದ್ದೇವೆ ಅಂತ ಪ್ರಸ್ತಾವನೆಯಲ್ಲೇ ಹೇಳಿಕೊಂಡರು. ಪೈಪೋಟಿಯಲ್ಲಿ ಜನರ ಪಾಲ್ಗೊಳ್ಳುವಿಕೆಗೂ ಅಂಕ ಇತ್ತು, ಹಾಗಾಗಿ ಉತ್ಸಾಹಕ್ಕೆ ಕಾರಣವೂ ಇತ್ತು ಅನ್ನಿ. ನಮ್ಮ ಸೊಸೈಟಿಗೂ ಫಾರಂ ಬಂತು. ನಿಮಗೆ ಏನು ಬೇಕು: ನೀರು, ಸಾರಿಗೆ, ಕಸ, ಸುರಕ್ಷತೆ, ಹೀಗೆ. ನಾವು ನೀರು ಅಂತ ಬರೆದೆವು. ಪಕ್ಕದ ಸೊಸೈಟಿಯವರೂ ನೀರು ಅಂತಲೇ ಬರೆದರು. ಇಲ್ಲಿ ಬೇರೆ ಏನು ಬರೆಯುತ್ತಾರೆ ಹೇಳಿ?

ಒಂದು ವಿಷಯ ಗಮನಿಸಬೇಕು. ಪುಣೆಯವರಿಗೆ ಇಂಥ ಕೇಳುವಿಕೆ ಹೊಸದೇನಲ್ಲ. ಪಾಲಿಕೆ 2006ರಿಂದಲೇ ನಾಗರಿಕರ ಸಹಭಾಗಿತ್ವದ ಬಜೆಟ್ ನಡೆಸುತ್ತಿದೆ. ವಾರ್ಡ್ ಆಫೀಸಿನಿಂದ ಫಾರಂ ತಗೊಂಡು ನಮ್ಮ ಬೀದಿಗೆ ಬೇಕಾದ ಸಣ್ಣ ಕೆಲಸ ಬರೆದು ಕೊಡಬಹುದು: ಫುಟ್‌ಪಾತು, ದೀಪ, ಬೆಂಚು, ಬಸ್ ಸ್ಟಾಪು. ಒಂದೊಂದು ಕೆಲಸಕ್ಕೆ 5 ಲಕ್ಷದ ಮಿತಿ. ಅದರಲ್ಲೂ ನೂರೆಂಟು ತೊಂದರೆ ಇವೆ, ಬರೆದು ಕೊಟ್ಟದ್ದೆಲ್ಲ ಆಗುವುದಿಲ್ಲ. ಆದರೆ ಬೆಂಚು ಬಂತೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದೆ. ಬರದಿದ್ದರೆ ವಾರ್ಡ್ ಆಫೀಸಿಗೆ ಹೋಗಿ "ಸಾಹೇಬ್ರೇ, ನಮ್ಮ ಬೆಂಚು ಏನಾಯ್ತು?" ಅಂತ ಕೇಳಬಹುದು. ಕೇಳುವುದಕ್ಕೊಂದು ಮೇಜು ಇದೆ, ಮೇಜಿನ ಹಿಂದೆ ಒಬ್ಬರಿದ್ದಾರೆ.

ಸ್ಮಾರ್ಟ್ ಸಿಟಿಯ ಫಾರಂ ಹಾಗಲ್ಲ. ಅದು ಬೇಕುಗಳನ್ನು ಕೇಳಿತು. ಇಷ್ಟು ದುಡ್ಡಿದೆ, ಇದು ಮಾಡಿದರೆ ಅದು ಆಗಲ್ಲ, ಯಾವುದು ಮೊದಲು ಅಂತ ಕೇಳಲಿಲ್ಲ. ಬೇಕುಗಳನ್ನು ಕೇಳೋದು ಸುಲಭ, ಎಲ್ಲರೂ ಉತ್ತರ ಕೊಡುತ್ತಾರೆ, ಅಂಕಿ ದೊಡ್ಡದಾಗುತ್ತದೆ. ಆಯ್ಕೆ ಕೇಳಿದ್ದರೆ ಜಗಳ ಆಗುತ್ತಿತ್ತು, ಫಾರಂ ಕಡಿಮೆ ಬರುತ್ತಿದ್ದವು. ಆದರೆ ಜಗಳ ಆಡಿ ಒಪ್ಪಿಕೊಂಡದ್ದಕ್ಕೆ ಜನ ಆಮೇಲೆ ನಿಲ್ಲುತ್ತಾರೆ. ಬರೀ ಟಿಕ್ ಹಾಕಿದ್ದಕ್ಕೆ ಯಾರು ನಿಲ್ಲುತ್ತಾರೆ?

ಕಂಪನಿ

ಪಾಲಿಕೆಯ ಒಳಗೂ ಜಗಳ ಆಗದೆ ಇರಲಿಲ್ಲ. ಮಿಷನ್ನಿನ ಷರತ್ತು ಏನೆಂದರೆ, ಕೆಲಸ ಮಾಡಿಸಲು ಪಾಲಿಕೆಯಿಂದ ಬೇರೆಯಾದ ಒಂದು ಕಂಪನಿ ಬೇಕು. ಅದರಲ್ಲಿ ರಾಜ್ಯ ಸರ್ಕಾರ ಮತ್ತು ಪಾಲಿಕೆಗೆ ಸಮ ಪಾಲು. 2015ರ ಡಿಸೆಂಬರಿನಲ್ಲಿ ಈ ಪ್ರಸ್ತಾವನೆ ಪಾಲಿಕೆಯ ಸಾಮಾನ್ಯ ಸಭೆಗೆ ಬಂದಾಗ ಸದಸ್ಯರು ಮೊದಲು ಮುಂದೂಡಿಬಿಟ್ಟರು. ನಮ್ಮ ಅಧಿಕಾರ ಕಂಪನಿಗೆ ಯಾಕೆ ಕೊಡಬೇಕು ಅನ್ನೋದು ಅವರ ತಕರಾರು. ರಾಜ್ಯ ಸರ್ಕಾರ ಮಧ್ಯೆ ಬಂದು ವಿಶೇಷ ಸಭೆ ಕರೆಯಲು ಹೇಳಿತು. ಹನ್ನೆರಡು ಗಂಟೆಗೂ ಮೀರಿ ಚರ್ಚೆ ನಡೆದು, ಕೆಲವು ಷರತ್ತು ಸೇರಿಸಿ ಒಪ್ಪಿಗೆ ಸಿಕ್ಕಿತು. ಪಕ್ಕದ ನವಿ ಮುಂಬೈನಲ್ಲಿ ಒಪ್ಪಲೇ ಇಲ್ಲ, ಕಂಪನಿ ಬೇಡ ಅಂತ ಯೋಜನೆಯನ್ನೇ ಬಿಟ್ಟರು. ಪುಣೆಯಲ್ಲಿ 2016ರ ಮಾರ್ಚಿನಲ್ಲಿ ಕಂಪನಿ ಹುಟ್ಟಿತು.

ಆಗ ನಮ್ಮಂಥವರಿಗೆ ಈ ತಕರಾರು ಬರೀ ರಾಜಕೀಯ ಅನಿಸಿತ್ತು. ನಗರಸೇವಕರಿಗೆ (ಪಾಲಿಕೆ ಸದಸ್ಯರನ್ನು ಇಲ್ಲಿ ಹಾಗನ್ನುತ್ತಾರೆ) ಕಮಿಷನ್ ತಪ್ಪುತ್ತೆ, ಅದಕ್ಕೇ ಕೂಗಾಡ್ತಾರೆ ಅಂತ ಐಟಿ ಜನ ಚಹಾ ಕುಡಿಯುತ್ತ ಹೇಳುತ್ತಿದ್ದರು. ಕಂಪನಿ ಅಂದರೆ ಚುರುಕು, ಕಾರ್ಪೊರೇಷನ್ ಅಂದರೆ ನಿಧಾನ, ಅಷ್ಟೇ ನಮ್ಮ ಲೆಕ್ಕ. ಔಂಧಿನಲ್ಲಿ ಹೋಟೆಲ್ ಇಟ್ಟಿರುವ ಕುಂದಾಪುರದ ಶೆಟ್ಟರಿಗೆ ಮಾತ್ರ ಮೊದಲಿಂದಲೂ ಅನುಮಾನ. "ನಗರಸೇವಕ ಕಳ್ಳನೇ ಇರ್ಲಿ ಮಾರಾಯ್ರೆ, ಬೆಳಿಗ್ಗೆ ನನ್ನ ಹೋಟ್ಲಿಗೆ ಚಾ ಕುಡೀಲಿಕ್ಕೆ ಬರ್ತಾನೆ. ಕಂಪನಿ ಚಾ ಕುಡೀಲಿಕ್ಕೆ ಬರ್ತದಾ?" ಅಂತ ಕೇಳಿದ್ದರು. ಆಗ ನಕ್ಕಿದ್ದೆವು.

ಚೌಕದಲ್ಲಿ ಹೆಸರು ಹಿಡಿದು ಕೇಳಬಹುದಾದ ಮನುಷ್ಯ ಯೋಜನೆಗೆ ಬೇಕು. ಕಂಪನಿಯ ಮುಖ್ಯಸ್ಥರಾಗಿ ಬರುವ ಐಎಎಸ್ ಅಧಿಕಾರಿಗಳು ಬಂದರು, ಹೋದರು. ಅದು ಅವರ ತಪ್ಪಲ್ಲ, ಅವರ ನೌಕರಿಯೇ ಹಾಗೆ. ಆದರೆ ಫುಟ್‌ಪಾತಿನ ಕಲ್ಲು ಎದ್ದಾಗ ಪಾಲಿಕೆಗೆ ಹೋದರೆ ಅದು ಕಂಪನಿ ಕೆಲಸ, ಕಂಪನಿಗೆ ಹೋದರೆ ಅದು ಗುತ್ತಿಗೆದಾರನ ಜವಾಬ್ದಾರಿ, ಇಲ್ಲವಾದರೆ ಹಸ್ತಾಂತರ ಆಗಿದೆ. ಇದು ನಮ್ಮ ಕಡೆ ಹಲವರ ಅನುಭವ. ಆ್ಯಪಿನಲ್ಲಿ ದೂರು ಕೊಟ್ಟರೆ "ಪರಿಹರಿಸಲಾಗಿದೆ" ಅಂತ ಸಂದೇಶ ಬರುತ್ತದೆ, ಕಲ್ಲು ಹಾಗೇ ಇರುತ್ತದೆ. ಇಂಥ ಒಂದು ಸುಳ್ಳು ಸಂದೇಶ ಕಳೆಯುವಷ್ಟು ನಂಬಿಕೆಯನ್ನು ಹತ್ತು ಕೆಟ್ಟ ರಸ್ತೆಗಳೂ ಕಳೆಯಲಾರವು. ಉತ್ತರವೇ ಬರದಿದ್ದರೆ ಸೋಮಾರಿಗಳು ಅಂತ ಬೈದು ಸುಮ್ಮನಾಗಬಹುದು. ಆಗದ ಕೆಲಸ ಆಯಿತು ಅಂದರೆ, ಮುಂದೆ ಅವರು ನಿಜ ಹೇಳಿದರೂ ನಂಬುವವರು ಯಾರು?

ನೀರು

ಈ ಭಾಗದಲ್ಲಿ ಎಲ್ಲ ಮಾತೂ ಕೊನೆಗೆ ನೀರಿಗೇ ಬರುತ್ತದೆ. ಬಾಣೇರ್, ಬಾಲೇವಾಡಿ 1997ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿಗಳು. ಕಟ್ಟಡ ಎದ್ದ ವೇಗಕ್ಕೆ ಪೈಪು ಬರಲಿಲ್ಲ. 2016ರಲ್ಲಿ ಬಾಂಬೆ ಹೈಕೋರ್ಟೇ ಈ ಕಡೆ ನೀರಿನ ವ್ಯವಸ್ಥೆ ಆಗುವವರೆಗೆ ಹೊಸ ಕಟ್ಟಡಗಳ ಅನುಮತಿಗೆ ತಡೆ ಹಾಕಿತ್ತು. ಯೋಚನೆ ಮಾಡಿ: ಯಾವ ವರ್ಷ ಬಾಲೇವಾಡಿಯಲ್ಲಿ ಸ್ಮಾರ್ಟ್ ಸಿಟಿಯ ಸಮಾರಂಭ ಆಯಿತೋ ಅದೇ ವರ್ಷ ಅದೇ ಬಾಲೇವಾಡಿಗೆ ನೀರಿಲ್ಲ ಅಂತ ಹೈಕೋರ್ಟ್ ಹೇಳುತ್ತಿದೆ.

ಆದರೂ ಜನ ನಂಬಿದರು. ಯಾಕೆಂದರೆ ಪಾಲಿಕೆಯ ದೊಡ್ಡ ಯೋಜನೆಯೇ 24 ಗಂಟೆ ನೀರು. ಎಂಬತ್ತರಷ್ಟು ಟ್ಯಾಂಕು, ಸಾವಿರಾರು ಕಿಲೋಮೀಟರ್ ಹೊಸ ಪೈಪು, ಮನೆಮನೆಗೆ ಮೀಟರು. ಇದಕ್ಕಾಗಿ ವರ್ಷವರ್ಷ ನೀರಿನ ತೆರಿಗೆ ಏರಿಸುವುದಕ್ಕೂ 2016ರಲ್ಲೇ ಒಪ್ಪಿಗೆ ಸಿಕ್ಕಿತು. 2017ರ ಜೂನಿನಲ್ಲಿ ಪಾಲಿಕೆ ಮುಂಬೈ ಷೇರುಪೇಟೆಗೆ ಹೋಗಿ ಬಾಂಡ್ ಮೂಲಕ 200 ಕೋಟಿ ಎತ್ತಿತು, ಬಡ್ಡಿ ಶೇ 7.59. ಒಟ್ಟು 2,264 ಕೋಟಿ ಎತ್ತುವ ಯೋಜನೆಯ ಮೊದಲ ಕಂತು ಅದು. ಕೇಂದ್ರ ಹಣಕಾಸು ಸಚಿವರು, ಮುಖ್ಯಮಂತ್ರಿ ಎಲ್ಲ ಬಂದಿದ್ದರು. ನಮ್ಮ ಸೊಸೈಟಿಯ ಒಬ್ಬ ಲೆಕ್ಕಪರಿಶೋಧಕರಂತೂ ಭಾರೀ ಖುಷಿಯಾಗಿದ್ದರು. ಒಂದು ಪಾಲಿಕೆ ಪೇಟೆಯಲ್ಲಿ ಸಾಲ ತಗೊಳ್ಳುತ್ತದೆ ಅಂದರೆ ಅದರ ಲೆಕ್ಕಪತ್ರ ಹೊರಗಿನವರು ನೋಡುತ್ತಾರೆ, ಶಿಸ್ತು ಬರುತ್ತದೆ ಅನ್ನೋದು ಅವರ ವಾದ. ವಾದ ಸರಿಯೇ.

ಆದರೆ ಅಷ್ಟರಲ್ಲಿ ಪೈಪಿನ ಟೆಂಡರಿಗೆ ಆಕ್ಷೇಪ ಬಂದು, ರದ್ದಾಗಿ, ಮತ್ತೆ ಕರೆಯಬೇಕಾಯಿತು. ಎತ್ತಿದ ಸಾಲಕ್ಕೆ ಬಡ್ಡಿ ಓಡುತ್ತಲೇ ಇತ್ತು, ತೆರಿಗೆ ಏರುತ್ತಲೇ ಇತ್ತು, ಟ್ಯಾಂಕರ್ ಬರುತ್ತಲೇ ಇತ್ತು. ಕೆಲಸ ವರ್ಷಗಟ್ಟಲೆ ಎಳೆಯಿತು. ಮೀಟರ್ ಮಾತ್ರ ಬೇಗ ಬಂತು. ಸೊಸೈಟಿಗಳಿಗೆ ಅನುಮಾನ ಹುಟ್ಟಿದ್ದು ಆವಾಗ: ನೀರಿಗಿಂತ ಮುಂಚೆ ಮೀಟರ್ ಯಾಕೆ? ಎಂಜಿನಿಯರುಗಳಿಗೆ ಇದಕ್ಕೆ ಉತ್ತರ ಇದೆ. ಎಲ್ಲಿ ಸೋರುತ್ತದೆ ಅಂತ ತಿಳಿಯಬೇಕಾದರೆ ಮೊದಲು ಅಳೆಯಬೇಕು, ಅಳೆಯದೆ 24 ಗಂಟೆ ನೀರು ಬಿಟ್ಟರೆ ಅರ್ಧ ನೆಲಕ್ಕೇ ಹೋಗುತ್ತದೆ. ಇದು ಒಳ್ಳೆಯ ಉತ್ತರ. ನಮ್ಮ ಸೊಸೈಟಿಗೆ ಬಂದು ಇದನ್ನು ಹೇಳಿದವರು ಯಾರೂ ಇಲ್ಲ. ಮೀಟರ್ ಹಾಕಲು ಬಂದವನು ಯಾದಗಿರಿಯ ಹುಡುಗ, ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಖುಷಿಯಾಗಿ ಚಹಾ ಕುಡಿದ. ಬಿಲ್ ಯಾವಾಗ ಶುರು ಅಂತ ಕೇಳಿದರೆ "ನಮಗೇನ್ ಗೊತ್ತ್ರಿ ಸರ, ಹಾಕು ಅಂದ್ರ ಹಾಕ್ತೀವಿ" ಅಂದ. ಇಷ್ಟು ದೊಡ್ಡ ಯೋಜನೆಯ ಪರವಾಗಿ ನಮ್ಮ ಗೇಟಿನೊಳಗೆ ಬಂದ ಏಕೈಕ ಮನುಷ್ಯ ಅವನು.

ಔಂಧಿನ ರಸ್ತೆ

ಇನ್ನು ಕಣ್ಣಿಗೆ ಕಾಣುವಂತೆ ಆದ ಕೆಲಸ. ಔಂಧಿನಲ್ಲಿ ಬ್ರೆಮೆನ್ ಚೌಕದಿಂದ ಪರಿಹಾರ್ ಚೌಕದ ಕಡೆ ಹೋಗುವ ರಸ್ತೆಯ ಫುಟ್‌ಪಾತನ್ನು ಅಗಲ ಮಾಡಿ, ಕೂರಲು ಜಾಗ, ಸೈಕಲ್ ದಾರಿ, ಗಿಡಗಳ ಸುತ್ತ ಕಟ್ಟೆ, ಎಲ್ಲ ಮಾಡಿದರು. ಅದೇ ಕಾಲಕ್ಕೆ ಊರೊಳಗಿನ ಜಂಗ್ಲಿ ಮಹಾರಾಜ್ ರಸ್ತೆಯಲ್ಲೂ ಇಂಥದೇ ಅಗಲ ಫುಟ್‌ಪಾತ್ ಆಯಿತು. ಭಾರತದ ಊರುಗಳಲ್ಲಿ ನಡೆಯುವವರಿಗೆ ಇಷ್ಟು ಜಾಗ ಕೊಟ್ಟದ್ದು ಅಪರೂಪ, ನೋಡಲು ಬೇರೆ ಊರಿನ ಎಂಜಿನಿಯರುಗಳು ಬರುತ್ತಿದ್ದರು.

ಅಂಗಡಿಯವರು ತಿರುಗಿಬಿದ್ದರು. ಪಾರ್ಕಿಂಗ್ ಹೋಯಿತು, ರಸ್ತೆ ಸಣ್ಣದಾಯಿತು, ಟ್ರಾಫಿಕ್ ಜಾಮ್ ಆಗುತ್ತಿದೆ. ಶೆಟ್ಟರು ಆಗ ಹೇಳುತ್ತಿದ್ದುದು: "ಚೆಂದ ಉಂಟು, ಇಲ್ಲ ಅಂತಿಲ್ಲ. ಆದ್ರೆ ಗಾಡಿ ಎಲ್ಲಿ ನಿಲ್ಸುದು? ಗಿರಾಕಿ ಎರಡು ಸುತ್ತು ಹೊಡೀತಾನೆ, ಜಾಗ ಸಿಗ್ಲಿಲ್ಲಾಂದ್ರೆ ಬಾಣೇರಿಗೆ ಹೋಗ್ತಾನೆ." ನಿವಾಸಿಗಳ ಗುಂಪುಗಳೂ ಎರಡಾದವು. ವಯಸ್ಸಾದವರು, ತಾಯಂದಿರು ಪರ. ಕಾರಿನವರು ವಿರೋಧ. ಒಂದೇ ಮನೆಯಲ್ಲಿ ಅತ್ತೆ ಪರ, ಮಗ ವಿರೋಧ ಇದ್ದದ್ದೂ ಉಂಟು.

ಇಲ್ಲಿ ಬೆಳಗಿನ ಹೊತ್ತು ತರಕಾರಿ ಮಾರುವ, ಇಂಡಿ ಕಡೆಯ ಒಬ್ಬ ಅಕ್ಕ ಇದ್ದಾರೆ. ಮೊದಲು ರಸ್ತೆ ಬದಿ ಮಣ್ಣಿನ ಮೇಲೆ ತಟ್ಟು ಹಾಸಿ ಕೂರುತ್ತಿದ್ದರು. ಕಾಮಗಾರಿ ಶುರುವಾದಾಗ ಎಬ್ಬಿಸಿದರು. ಫುಟ್‌ಪಾತ್ ಮುಗಿದ ಮೇಲೆ ಬಂದು ಕೂತರೆ ಮತ್ತೆ ಎಬ್ಬಿಸಿದರು, ಹೊಸ ಕಲ್ಲು ಹೊಲಸಾಗುತ್ತದೆ ಅಂತ. ಈಗ ಒಳಗಿನ ಒಂದು ಸಂದಿಯ ಬಾಯಲ್ಲಿ, ಸೊಸೈಟಿಯೊಂದರ ಕಾಂಪೌಂಡಿಗೆ ಒರಗಿ ಕೂರುತ್ತಾರೆ. ಮೆಂತ್ಯ, ಸಬ್ಬಸಿಗೆ, ಪುಂಡಿಪಲ್ಲೆ ಒದ್ದೆ ಗೋಣಿಯ ಮೇಲೆ. ಪುಂಡಿಪಲ್ಲೆ ಕೇಳೋದು ನಾವೇ ಕನ್ನಡದವರು ಮತ್ತೆ ಕೆಲವು ಸೊಲ್ಲಾಪುರದವರು. "ಅಕ್ಕಾ, ರಸ್ತಾ ಮಾಡೂ ಮೊದಲು ನಿಮ್ಮನ್ನ ಏನಾರ ಕೇಳಿದ್ರೇನು?" ಅಂದೆ.

"ಕೇಳ್ಯಾರ್ರಿ," ಅಂದರು. "ಹೆಸರೇನು ಅಂತ ಕೇಳ್ಯಾರ, ಆಧಾರ್ ಕಾರ್ಡ್ ಐತೇನು ಅಂತ ಕೇಳ್ಯಾರ, ಫೋಟೋನೂ ತಗದಾರ. ಎಲ್ಲಿ ಕುಂದರ್ತಿ ಅಂತ ಮಾತ್ರ ಯಾರೂ ಕೇಳ್ಲಿಲ್ಲ."

2014ರ ಬೀದಿ ವ್ಯಾಪಾರಿಗಳ ಕಾನೂನು ಪ್ರಕಾರ ಸಮೀಕ್ಷೆ ಮಾಡಬೇಕು, ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿ ಜಾಗ ಗೊತ್ತು ಮಾಡಬೇಕು. ಅಕ್ಕನ ಮಾತಿನಂತೆ ಸಮೀಕ್ಷೆ ಆಗಿದೆ. ಜಾಗ ಗೊತ್ತಾಗಿಲ್ಲ. ಫಾರಂ ತುಂಬಿಸಿಕೊಂಡು ಹೋದ ನಮ್ಮ ಕಥೆಯೂ ಅದೇ, ಅಕ್ಕನ ಕಥೆಯೂ ಅದೇ. ವ್ಯತ್ಯಾಸ ಏನೆಂದರೆ ನಮಗೆ ಫುಟ್‌ಪಾತ್ ಸಿಕ್ಕಿತು, ಅವರಿಗೆ ಇದ್ದದ್ದೂ ಹೋಯಿತು.

ಹಾಗಂತ ಫುಟ್‌ಪಾತ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಸಂಜೆ ಆರರ ಮೇಲೆ ಹೋಗಿ ನೋಡಿ. ವಾಕರ್ ಹಿಡಿದ ಅಜ್ಜಂದಿರು, ಕಟ್ಟೆಯ ಮೇಲೆ ಕೂತ ಕಾಲೇಜು ಹುಡುಗರು, ತಳ್ಳುಗಾಡಿಯಲ್ಲಿ ಮಗು. ಶೆಟ್ಟರೂ ಈಗ ರಾಗ ಬದಲಿಸಿದ್ದಾರೆ. ಕಾರಿನ ಗಿರಾಕಿ ಕಡಿಮೆಯಾದ, ನಡೆದು ಬರುವ ಗಿರಾಕಿ ಜಾಸ್ತಿಯಾದ, ಸಂಜೆಯ ಕಾಫಿ-ವಡೆ ಚೆನ್ನಾಗಿ ಹೋಗುತ್ತದೆ ಅನ್ನುತ್ತಾರೆ. ಆದರೆ ಸ್ಮಾರ್ಟ್ ಸಿಟಿಯಿಂದ ನಿಮಗೆ ಒಳ್ಳೇದಾಯ್ತಲ್ಲ ಅಂದರೆ ಒಪ್ಪುವುದಿಲ್ಲ. "ಅದು ಸ್ಮಾರ್ಟ್ ಸಿಟಿ ಅಲ್ಲ, ಫುಟ್‌ಪಾತ್." ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ ಮಾತು ಇದು. ಚೆನ್ನಾಗಿ ಆದದ್ದೆಲ್ಲ ಜನರ ಲೆಕ್ಕದಲ್ಲಿ ಪಾಲಿಕೆಯ ಖಾತೆಗೋ ದೇವರ ಖಾತೆಗೋ ಹೋಗುತ್ತದೆ, ಕೆಟ್ಟದ್ದೆಲ್ಲ ಸ್ಮಾರ್ಟ್ ಸಿಟಿಯ ಖಾತೆಗೆ. ಮಳೆ ಬಂದು ರಸ್ತೆಯಲ್ಲಿ ನೀರು ನಿಂತರೆ ಸ್ಮಾರ್ಟ್ ಸಿಟಿ. ಸಿಗ್ನಲ್ ಕೆಟ್ಟರೆ ಸ್ಮಾರ್ಟ್ ಸಿಟಿ. ನದಿ ದಂಡೆ ಯೋಜನೆ ಪಾಲಿಕೆಯದು, ಮೆಟ್ರೋ ಬೇರೆಯವರದು, ಆದರೂ ಬೈಗುಳ ಸ್ಮಾರ್ಟ್ ಸಿಟಿಗೆ. ವ್ಯಂಗ್ಯದ ಬೋರ್ಡು ಬರೆಯುವುದರಲ್ಲಿ ಹೆಸರಾದ ಊರಿದು, ಪುಣೇರಿ ಪಾಟಿ ಅಂದರೆ ಕೇಳಬೇಕಾ? ಈ ಹೆಸರು ಅವರಿಗೆ ಒಳ್ಳೇ ಸರಕಾಯಿತು.

ಬಟನ್, ಬೋರ್ಡು, ಸೈಕಲ್ಲು

ಇವುಗಳ ಬಗ್ಗೆ ಜಾಸ್ತಿ ಬರೆಯಲು ಏನಿಲ್ಲ. ರಸ್ತೆ ಬದಿ ತುರ್ತು ಕರೆಯ ಪೆಟ್ಟಿಗೆ ಬಂದವು, ಬಟನ್ ಒತ್ತಿದರೆ ಕಂಟ್ರೋಲ್ ರೂಮಿಗೆ ಮಾತು ಹೋಗುತ್ತದೆ ಅಂತ. ಕೈಯಲ್ಲಿ ಮೊಬೈಲ್ ಇರುವಾಗ ಯಾರು ಒತ್ತುತ್ತಾರೆ? ಉಚಿತ ವೈಫೈ ಬಂತು, ಅಷ್ಟರಲ್ಲಿ ಮೊಬೈಲ್ ಡೇಟಾ ಅಗ್ಗವಾಗಿತ್ತು. ದೊಡ್ಡ ಎಲ್‌ಇಡಿ ಬೋರ್ಡುಗಳಲ್ಲಿ ಸಂದೇಶ ಓಡಾಡಿದವು. ಗಾಳಿಯ ಗುಣ ಅಳೆಯುವ ಉಪಕರಣ ಕೂಡ ಬಂದವು, ಅವು ನಿಜಕ್ಕೂ ಉಪಯೋಗ, ಆದರೆ ಆ ಅಂಕಿ ನೋಡಿ ಯಾರು ಏನು ಮಾಡಿದರು ಅಂತ ನಮಗೆ ಯಾರೂ ಹೇಳಲಿಲ್ಲ.

ಸೈಕಲ್ ಕಥೆ ಸ್ವಲ್ಪ ಬೇಸರದ್ದು. ಒಂದು ಕಾಲಕ್ಕೆ ಸೈಕಲ್ಲಿನ ಊರು ಅನಿಸಿಕೊಂಡದ್ದು ಪುಣೆ. 2017ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದಲ್ಲೂ ಔಂಧಿನಲ್ಲೂ ಬಾಡಿಗೆ ಸೈಕಲ್ ಬಂದಾಗ ಹುಡುಗರು ನಿಜಕ್ಕೂ ಓಡಿಸಿದರು. ಆಮೇಲೆ ಸೀಟು ಕದ್ದರು, ಬೀಗ ಮುರಿದರು, ನಾಲೆಗೆ ಎಸೆದರು. ಎರಡು-ಮೂರು ವರ್ಷದಲ್ಲಿ ಸೈಕಲ್ ಕಾಣೆಯಾದವು. ಇದರಲ್ಲಿ ತಪ್ಪು ನಮ್ಮ ಜನರದ್ದೂ ಇದೆ. ಆಡಳಿತ ಜನರನ್ನು ನಂಬಿ ರಸ್ತೆಯಲ್ಲಿ ವಸ್ತು ಬಿಟ್ಟಾಗ ಜನ ಏನು ಮಾಡಿದರು ಅನ್ನುವ ಪ್ರಶ್ನೆಯನ್ನು ನಮ್ಮ ಸೊಸೈಟಿ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ಕೋವಿಡ್ ಬಂದಾಗ

2020ರಲ್ಲಿ ಪುಣೆ ದೇಶದಲ್ಲೇ ಹೆಚ್ಚು ಹೊಡೆತ ತಿಂದ ಊರುಗಳಲ್ಲಿ ಒಂದು. ಅಲ್ಲಿವರೆಗೆ ಯಾರಿಗೂ ಬೇಡವಾಗಿದ್ದ ಸ್ಮಾರ್ಟ್ ಸಿಟಿಯ ಕಂಟ್ರೋಲ್ ಸೆಂಟರ್ ಆಗ ವಾರ್ ರೂಮ್ ಆಯಿತು. ಯಾವ ವಾರ್ಡಿನಲ್ಲಿ ಎಷ್ಟು ಸೋಂಕು ಅಂತ ದಿನದಿನದ ಅಂಕಿ, ನಕ್ಷೆ. ಬೆಳಿಗ್ಗೆ ಎದ್ದು ನಮ್ಮ ಕನ್ನಡ ಗುಂಪಿನ ವಾಟ್ಸ್ಆ್ಯಪ್ಪಿನಲ್ಲಿ ಆ ಅಂಕಿ ನೋಡಿಯೇ ಕಾಫಿ ಕುಡಿಯುತ್ತಿದ್ದವರು ಬಹಳ. ಆಸ್ಪತ್ರೆ ಬೆಡ್ ತೋರಿಸುವ ಪಟ್ಟಿ ಮಾತ್ರ ಹಲವು ಸಲ ಕೈಕೊಟ್ಟಿತು. ಬೆಡ್ ಇದೆ ಅಂತ ಕಾಣುತ್ತದೆ, ಫೋನ್ ಮಾಡಿದರೆ ಇಲ್ಲ. ಎರಡನೇ ಅಲೆಯಲ್ಲಂತೂ ಅದರ ಕಷ್ಟ ಅನುಭವಿಸದ ಮನೆಯೇ ಇಲ್ಲ ಅನ್ನಬಹುದು. ಅಷ್ಟಾದರೂ ಜನ ಬೈದು ಬಿಟ್ಟುಬಿಡಲಿಲ್ಲ, ಮಾರನೇ ದಿನ ಮತ್ತೆ ಅದೇ ಅಂಕಿ ನೋಡಿದರು.

ಯಾಕೆ? ಆ ಅಂಕಿ ದಿನಾ ಬರುತ್ತಿತ್ತು, ಕೆಟ್ಟದ್ದಿದ್ದರೆ ಕೆಟ್ಟದ್ದು ಅಂತಲೇ ಬರುತ್ತಿತ್ತು. ಪಾಲಿಕೆಯ ವೈದ್ಯರು, ಅಧಿಕಾರಿಗಳು ಹೆಸರು ಸಹಿತ ಎದುರಿಗೆ ಬಂದು ಹೇಳುತ್ತಿದ್ದರು. ಏರಿದೆ ಅಂದರೆ ಏರಿದೆ. ಯಾವ ಯಂತ್ರ, ಯಾವ ಪರದೆ ಅಂತ ಜನ ಕೇಳಲಿಲ್ಲ. ಇದೇ ಕಂಟ್ರೋಲ್ ಸೆಂಟರು ನೀರಿನ ಪೈಪು ಎಲ್ಲಿಯವರೆಗೆ ಬಂತು, ಯಾವ ಟ್ಯಾಂಕು ನಿಂತಿದೆ, ಯಾಕೆ ನಿಂತಿದೆ ಅಂತ ವಾರ್ಡ್‌ವಾರು ದಿನಾ ಹೇಳಿದ್ದರೆ? ತಾಂತ್ರಿಕವಾಗಿ ಕಷ್ಟದ್ದೇನಲ್ಲ. ರೋಗದ ಅಂಕಿಯಲ್ಲಿ ಯಾರ ಮೇಲೂ ತಪ್ಪು ಬರುವುದಿಲ್ಲ, ಟೆಂಡರಿನ ಅಂಕಿಯಲ್ಲಿ ಬರುತ್ತದೆ. ಅಷ್ಟೇ ಕಾರಣ ಅಂತ ನನಗೆ ಅನಿಸುತ್ತದೆ.

ಆಮೇಲೆ

2022ರ ಮಾರ್ಚಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ಮುಂದಕ್ಕೆ ಹೋಗುತ್ತಲೇ ಹೋಯಿತು, ಮೂರು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಯ ಆಡಳಿತ ನಡೆಯಿತು. ಶೆಟ್ಟರ ಹೋಟೆಲಿಗೆ ಬೆಳಿಗ್ಗೆ ಚಹಾಕ್ಕೆ ಬರುತ್ತಿದ್ದ ನಗರಸೇವಕನೂ ಮಾಜಿ ಆದ. ಮೊದಲು ಕಂಪನಿಯ ಬಗ್ಗೆ ಕೇಳಲು ಯಾರೂ ಇರಲಿಲ್ಲ, ಆ ವರ್ಷಗಳಲ್ಲಿ ಪಾಲಿಕೆಯ ಬಗ್ಗೆ ಕೇಳಲೂ ಯಾರೂ ಇರಲಿಲ್ಲ. ಇದೇ ಅವಧಿಯಲ್ಲಿ ಗುಡ್ಡ, ನದಿ, ಮರದ ಹೋರಾಟಗಳು ಜೋರಾದವು ಅನ್ನೋದು ಕಾಕತಾಳೀಯ ಅಲ್ಲ. 2023ರ ಏಪ್ರಿಲಿನಲ್ಲಿ ವೇತಾಳ ಟೇಕಡಿ ಅನ್ನುವ ಗುಡ್ಡದ ರಸ್ತೆ ವಿರುದ್ಧ ಒಂದು ಮೆರವಣಿಗೆ, ನದಿ ದಂಡೆಯ ಮರಗಳಿಗಾಗಿ ಇನ್ನೊಂದು. ಎರಡಕ್ಕೂ ಹೋದ ಕನ್ನಡದವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. 2015ರಲ್ಲಿ ಫಾರಂ ತುಂಬಿದವರೇ ಅವರು. ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡದವರು, ಹೇಳಿದ್ದು: "ಆವಾಗ ಫಾರಂ ಕೊಟ್ಟು ಸುಮ್ಮನಾದ್ವಿ. ಈಗ ಫಾರಂ ಕೊಡಂಗಿಲ್ರಿ, ನಾವs ಹೋಗಿ ನಿಂದರತೀವಿ." ಜನರಿಗೆ ಊರಿನ ಬಗ್ಗೆ ಕಾಳಜಿ ಇಲ್ಲ ಅನ್ನುವವರು ಈ ಮಾತನ್ನು ಗಮನಿಸಬೇಕು. ಪಾಲ್ಗೊಳ್ಳುವಿಕೆ ಕಡಿಮೆಯಾಗಿಲ್ಲ, ಜಾಗ ಬದಲಿಸಿದೆ.

ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು, ಅದೂ ಮತ್ತೆ ಮತ್ತೆ ಅವಧಿ ಹಿಗ್ಗಿಸಿದ ಮೇಲೆ. ಕಂಪನಿ ಮಾಡಿದ್ದನ್ನೆಲ್ಲ ಈಗ ಪಾಲಿಕೆಯೇ ನೋಡಿಕೊಳ್ಳಬೇಕು: ಉದ್ಯಾನ, ಫುಟ್‌ಪಾತು, ಬೋರ್ಡು, ಕ್ಯಾಮೆರಾ, ಕಂಟ್ರೋಲ್ ಸೆಂಟರು. 125 ಚೌಕಗಳಲ್ಲಿ ಹಾಕಿದ ಸಿಗ್ನಲ್ ವ್ಯವಸ್ಥೆಯೂ ಇದರಲ್ಲಿ ಸೇರಿದೆ. ವಾಹನದ ಒತ್ತಡ ನೋಡಿ ತಾನೇ ಸಮಯ ಬದಲಿಸಿಕೊಳ್ಳಬೇಕಾದ ಸಿಗ್ನಲ್ಲುಗಳು ಅವು. ಚೌಕದಲ್ಲಿ ಪೊಲೀಸರು ಕೈ ಬೀಸುತ್ತ ನಿಲ್ಲುವುದು ಮಾತ್ರ ಇನ್ನೂ ನಿಂತಿಲ್ಲ.

ನಿರ್ವಹಣೆಯ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಸೊಸೈಟಿಯ ವಾರ್ಷಿಕ ಸಭೆಗೂ ಬಂದಿತ್ತು. ನಮ್ಮ ಗೇಟಿನ ಹತ್ತಿರದ ಸಣ್ಣ ಪಾರ್ಕಿನ ಪಂಪು ಕೆಟ್ಟು ಗಿಡ ಒಣಗುತ್ತಿದ್ದವು. ದುಡ್ಡು ಹಾಕಿ ನಾವೇ ರಿಪೇರಿ ಮಾಡಿಸೋಣ ಅಂದರು ಕೆಲವರು. ಬೇಡ, ಒಮ್ಮೆ ಹಾಕಿದರೆ ಮುಂದೆ ಅದು ನಮ್ಮ ತಲೆಗೇ ಬರುತ್ತದೆ ಅಂದರು ಇನ್ನು ಕೆಲವರು. ಕೊನೆಗೆ ಧಾರವಾಡದ ಮ್ಯಾನೇಜರ್ ಸಾಹೇಬರು ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದರು. ಪಾರ್ಕ್ ಈಗ ಯಾರ ಹೆಸರಿನಲ್ಲಿದೆ, ಹಸ್ತಾಂತರದ ಕಾಗದ ಎಲ್ಲಿ, ನಿರ್ವಹಣೆಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ. ಮೂರೇ ಪ್ರಶ್ನೆ, ಮರಾಠಿಯಲ್ಲಿ ಬರೆದು ಕೊಟ್ಟಿದ್ದಾರೆ. ಮಾಹಿತಿ ಹಕ್ಕು ಕಾನೂನಿನಲ್ಲಿ ಉತ್ತರಕ್ಕೆ 30 ದಿನದ ಗಡುವಿದೆ. ಅಷ್ಟರವರೆಗೆ ಗಿಡಕ್ಕೆ ಟ್ಯಾಂಕರ್ ನೀರನ್ನೇ ಹಾಕೋದು ಅಂತ ಸಭೆ ಒಪ್ಪಿತು. ಯಾರ ಸರದಿ ಯಾವ ದಿನ ಅನ್ನುವುದರ ಮೇಲೆ ಜಗಳ ಇನ್ನೂ ನಡೀತಾ ಇದೆ.